ಚೀಟಿ ಇಬ್ಬರ ಹೆಸರಲ್ಲೂ ಮಾಡಿಸಿ

ಮಕ್ಕಳಾಗಿಲ್ಲ ಎಂದು ಆಸ್ಪತ್ರೆಗೆ ಬರುವ ದಂಪತಿಯ ಜೊತೆ ನಮ್ಮ ಮಲೆನಾಡಿನ ಕಡೆ ಸಾಮಾನ್ಯವಾಗಿ ಇನ್ನೊಬ್ಬರು ಇರುತ್ತಾರೆ. ಹುಡುಗಿಯ ತಾಯಿ, ಇಲ್ಲವೇ ಅತ್ತೆ. ಮಾತು ಶುರು ಮಾಡುವವರೂ ಅವರೇ. ಮದುವೆ ಯಾವಾಗ ಆಯಿತು, ಎಷ್ಟು ಸಲ ತಿಂಗಳು ನಿಂತು ಹೋಯಿತು, ಯಾವ ಊರಿನ ಯಾರ ಔಷಧಿ ಆಯಿತು, ಎಲ್ಲವೂ ಅವರ ಬಾಯಿಂದಲೇ ಬರುತ್ತದೆ. ದುಡ್ಡು ಹೊಂದಿಸುವವರೂ ಯಾವ ಡಾಕ್ಟರ ಹತ್ತಿರ ಹೋಗುವುದೆಂದು ತೀರ್ಮಾನಿಸುವವರೂ ಅನೇಕ ಮನೆಗಳಲ್ಲಿ ಹಿರಿಯರೇ. ಅದಕ್ಕೇ ಈ ಕಿವಿಮಾತನ್ನು ಹುಡುಗ ಹುಡುಗಿಗಿಂತ ಮೊದಲು ಅವರ ಅಪ್ಪ ಅಮ್ಮಂದಿರಿಗೆ ಹೇಳುತ್ತಿದ್ದೇನೆ.

ಕೌಂಟರಿನಲ್ಲಿ ಚೀಟಿ ಮಾಡಿಸುವಾಗ ಬರೆಸುವುದು ಒಂದೇ ಹೆಸರು, ಹುಡುಗಿಯದು. ಗಂಡ ಹೊರಗೆ ಜೀಪಿನ ಹತ್ತಿರ ನಿಂತಿರುತ್ತಾನೆ, ಅಥವಾ ಬಂದೇ ಇರುವುದಿಲ್ಲ. ಚಿಕಿತ್ಸೆಯಲ್ಲಿ ವರ್ಷಗಟ್ಟಲೆ ಕಾಲ ಕಳೆದುಹೋಗುವುದು ಇಲ್ಲಿಂದಲೇ ಶುರು. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣ ಇರುತ್ತದೆ, ಒಂದೋ ಅದೊಂದೇ, ಇಲ್ಲವೇ ಹೆಣ್ಣಿನ ಕಾರಣದ ಜೊತೆ ಸೇರಿ. ವೀರ್ಯ ಪರೀಕ್ಷೆಗೆ ಸೂಜಿ ಚುಚ್ಚುವುದಿಲ್ಲ, ಅರಿವಳಿಕೆ ಇಲ್ಲ, ಖರ್ಚೂ ಕೆಲವು ನೂರು ರೂಪಾಯಿಯಷ್ಟೇ. ಆದರೂ ಅದು ಕೊನೆಗೆ ಬರುತ್ತದೆ. ತೋಟದ ಮಣ್ಣನ್ನು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಕಳಿಸಿ ಪರೀಕ್ಷೆ ಮಾಡಿಸದೆ ಸುಣ್ಣ ಹಾಕದ ಬೆಳೆಗಾರರು ಮಗನಿಗೆ ಒಂದು ಪರೀಕ್ಷೆಯನ್ನೂ ಮಾಡಿಸದೆ ಸೊಸೆಗೆ ಎರಡು ವರ್ಷ ಮಾತ್ರೆ ನುಂಗಿಸುತ್ತಾರೆ. ಮೊದಲ ದಿನವೇ ಇಬ್ಬರ ಹೆಸರಲ್ಲೂ ಚೀಟಿ ಮಾಡಿಸಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಯಾವಾಗ ಬರಬೇಕು ಎಂಬುದಕ್ಕೆ ಲೆಕ್ಕ ಸರಳ. ಹುಡುಗಿಗೆ 35 ತುಂಬಿಲ್ಲದಿದ್ದರೆ, ಯಾವ ತಡೆಯೂ ಇಲ್ಲದೆ ಒಂದು ವರ್ಷ ಒಟ್ಟಿಗಿದ್ದೂ ಬಸಿರು ನಿಲ್ಲದಿದ್ದಾಗ. 35 ದಾಟಿದ್ದರೆ ಆರು ತಿಂಗಳಿಗೇ. 40ರ ಹತ್ತಿರವಿದ್ದರೆ ಕಾಯುವುದೇ ಬೇಡ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಮುಟ್ಟಿನ ದಿನ ಏಳಲಾಗದಷ್ಟು ನೋವಿದ್ದರೆ, ಹಿಂದೆ ಕ್ಷಯ ಬಂದಿದ್ದರೆ, ಹುಡುಗನಿಗೆ ಬೀಜದ ಆಪರೇಷನ್ ಆಗಿದ್ದರೆ ಅಥವಾ ದೊಡ್ಡವನಾದ ಮೇಲೆ ಮಂಗನಬಾವು ಬಂದು ಬೀಜ ಊದಿಕೊಂಡಿದ್ದರೆ ವಯಸ್ಸು ಎಷ್ಟೇ ಇರಲಿ ಮೊದಲೇ ಬರಬೇಕು.

"ಒಟ್ಟಿಗಿದ್ದು" ಎಂಬ ಮಾತಿನ ಬಗ್ಗೆ ಇನ್ನೊಂದು ವಿಷಯ. ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಸೊಸೆ ಮೂಡಿಗೆರೆಯಲ್ಲಿದ್ದು, ತಿಂಗಳಿಗೆ ಎರಡು ಶನಿವಾರ ರಾತ್ರಿ ಬಸ್ಸಿಗೆ ಬಂದು ಹೋಗುವ ದಂಪತಿಗಳು ಎಷ್ಟೋ ಇದ್ದಾರೆ. ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ, ಇಷ್ಟರಲ್ಲೇ ಬಸಿರು ನಿಲ್ಲುವ ಅವಕಾಶ. ಇಪ್ಪತ್ತೆಂಟು ದಿನಕ್ಕೆ ಮುಟ್ಟಾಗುವವರಲ್ಲಿ ಅದು ಸುಮಾರಾಗಿ ಒಂಬತ್ತನೇ ದಿನದಿಂದ ಹದಿನಾಲ್ಕನೇ ದಿನದವರೆಗೆ. ಆ ದಿನಗಳಲ್ಲಿ ಗಂಡ ಊರಲ್ಲೇ ಇರದಿದ್ದರೆ ಎರಡು ವರ್ಷ ಕಳೆದರೂ ಅದನ್ನು ಕಾಯಿಲೆ ಎನ್ನಲಾಗದು. ಇಂಥವರಿಗೆ ಬೇಕಾದದ್ದು ಒಂದಷ್ಟು ತಿಂಗಳು ಒಂದೇ ಸೂರಿನಡಿ ಇರುವುದು. ಹಿರಿಯರು ಅದಕ್ಕೆ ಅನುವು ಮಾಡಿಕೊಡಬಹುದು. ಸೊಸೆ ಬೆಂಗಳೂರಿಗೆ ಹೋದರೆ ಮನೆ ಕೆಲಸಕ್ಕೆ ಯಾರು ಎಂದು ತಡೆಯಬೇಡಿ.

ಕೊಯ್ಲು ಮುಗಿಯಲಿ, ಮಳೆಗಾಲ ಕಳೆಯಲಿ, ತಂಗಿಯ ಮದುವೆ ಆಗಲಿ ಎಂದು ಮುಂದೂಡುವುದು ನಮ್ಮ ಕಡೆ ರೂಢಿ. ಹುಡುಗಿಗೆ 26 ಆಗಿದ್ದರೆ ಒಂದು ಕೊಯ್ಲು ದಾಟಿದರೂ ನಷ್ಟವಿಲ್ಲ. 37 ಆಗಿದ್ದರೆ ಅದೇ ಒಂದು ಕೊಯ್ಲು ತುಂಬ ದುಬಾರಿ. ಹೆಣ್ಣುಮಗು ಹುಟ್ಟುವಾಗಲೇ ಅಂಡಾಶಯದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತವೆ. ಹೊಸದಾಗಿ ಒಂದೂ ಹುಟ್ಟುವುದಿಲ್ಲ. ಸಂಖ್ಯೆ ಇಳಿಯುವುದಕ್ಕಿಂತ ಮುಖ್ಯವಾದದ್ದು, ವಯಸ್ಸಾದ ಅಂಡಾಣುವಿನಲ್ಲಿ ವರ್ಣತಂತುಗಳ ಹಂಚಿಕೆ ತಪ್ಪುವುದು ಹೆಚ್ಚುತ್ತದೆ. 35ರ ನಂತರ ಬಸಿರು ನಿಲ್ಲುವುದು ಕಷ್ಟವಾಗುವುದಕ್ಕೂ, ನಿಂತ ಬಸಿರು ಇಳಿದುಹೋಗುವುದು ಹೆಚ್ಚಾಗುವುದಕ್ಕೂ ಕಾರಣ ಇದೇ. ನೋಡಲು ಎಷ್ಟು ಗಟ್ಟಿಮುಟ್ಟಾಗಿದ್ದರೂ, ತೋಟದಲ್ಲಿ ದಿನವಿಡೀ ದುಡಿಯುವ ಮೈಯಾದರೂ ಈ ಲೆಕ್ಕ ಬದಲಾಗದು.

ಇನ್ನು ಪರೀಕ್ಷೆಗಳು. ಹುಡುಗನ ವೀರ್ಯ ಪರೀಕ್ಷೆಗೆ ಎರಡರಿಂದ ಏಳು ದಿನ ಸಂಯಮ ಬೇಕು. ಮಾದರಿಯನ್ನು ಒಂದು ಗಂಟೆಯೊಳಗೆ ಲ್ಯಾಬಿನಲ್ಲಿ ನೋಡಬೇಕು. ಕಳಸದ ಮನೆಯಲ್ಲಿ ಡಬ್ಬಿಗೆ ಹಿಡಿದು ತೊಂಬತ್ತಕ್ಕೂ ಹೆಚ್ಚು ಕಿಲೋಮೀಟರು ದೂರದ ಚಿಕ್ಕಮಗಳೂರಿಗೆ ಒಯ್ದರೆ ಬರುವ ರಿಪೋರ್ಟಿಗೆ ಅರ್ಥವಿಲ್ಲ. ಲ್ಯಾಬಿಗೇ ಹೋಗಿ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಮಿತಿ ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಅದರಲ್ಲಿ ನೂರಕ್ಕೆ 42 ಚಲಿಸುತ್ತಿರಬೇಕು. ಇದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ತಂದೆಯಾಗುವುದಿಲ್ಲ ಎಂದು ಅರ್ಥವಲ್ಲ. ವೀರ್ಯಾಣು ಬೆಳೆದು ಹೊರಬರಲು ಎರಡೂವರೆ ತಿಂಗಳು ಬೇಕು. ಮೂರು ತಿಂಗಳ ಹಿಂದೆ ಬಂದ ಜೋರು ಜ್ವರವೂ ಇವತ್ತಿನ ರಿಪೋರ್ಟನ್ನು ಕೆಡಿಸಬಲ್ಲದು. ಹಾಗಾಗಿ ಒಂದು ಕೆಟ್ಟ ರಿಪೋರ್ಟು ಬಂದರೆ ಇನ್ನೊಮ್ಮೆ ಮಾಡಿಸಿಯೇ ತೀರ್ಮಾನಿಸಬೇಕು. ಗುಟ್ಕಾ, ಬೀಡಿ, ದಿನವೂ ಕುಡಿಯುವುದು ಇವೆಲ್ಲ ಬಿಡಬೇಕಾದವು. ಜಿಮ್ಮಿಗೆ ಹೋಗುವ ಹುಡುಗರು ಮೈ ಕಟ್ಟಲು ತೆಗೆದುಕೊಳ್ಳುವ ಟೆಸ್ಟೋಸ್ಟಿರಾನ್ ಇಂಜೆಕ್ಷನ್ ವೀರ್ಯಾಣು ತಯಾರಾಗುವುದನ್ನೇ ನಿಲ್ಲಿಸುತ್ತದೆ. ಇದು ಅನೇಕರಿಗೆ ಗೊತ್ತಿಲ್ಲ. ಗಂಡಸುತನ ಹೆಚ್ಚಲೆಂದು ಅದೇ ಇಂಜೆಕ್ಷನ್ ಕೊಡಿಸುವವರೂ ಇದ್ದಾರೆ. ತೋಟದಲ್ಲಿ ಔಷಧಿ ಹೊಡೆಯುವವರು ಮುಖಗವಸು, ಕೈಗವಸು ಇಲ್ಲದೆ ಹೊಡೆಯಬಾರದು, ಆ ಬಟ್ಟೆಯಲ್ಲೇ ಊಟಕ್ಕೆ ಕೂರಬಾರದು.

ಹುಡುಗಿಗೆ ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್, ಒಂದು ಸ್ಕ್ಯಾನಿಂಗ್, ಅಗತ್ಯವಿದ್ದರೆ ಗರ್ಭನಾಳ ತೆರೆದಿದೆಯೇ ಎಂದು ನೋಡುವ ಎಕ್ಸ್-ರೇ. ನಮ್ಮ ದೇಶದಲ್ಲಿ ಗರ್ಭನಾಳ ಮುಚ್ಚಿಕೊಳ್ಳಲು ಕ್ಷಯ ಒಂದು ದೊಡ್ಡ ಕಾರಣ. ಕೆಮ್ಮು ಇಲ್ಲದೆಯೂ ಅದು ಗರ್ಭಕೋಶದಲ್ಲಿ ಕೂತಿರಬಹುದು. ಎಎಂಎಚ್ ಎಂಬ ರಕ್ತಪರೀಕ್ಷೆಯ ಬಗ್ಗೆ ಈಗ ಎಲ್ಲೆಲ್ಲೂ ಮಾತು. ಅದು ಅಂಡಾಣುಗಳ ಸಂಖ್ಯೆಯ ಅಂದಾಜು ಕೊಡುತ್ತದೆ, ಗುಣಮಟ್ಟ ಹೇಳುವುದಿಲ್ಲ. 28ರ ಹುಡುಗಿಗೆ ಎಎಂಎಚ್ ಕಡಿಮೆ ಬಂದರೂ ತಾನಾಗಿಯೇ ಬಸಿರಾಗುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಆ ಒಂದು ಅಂಕಿ ನೋಡಿ ಹೆದರಿ ಮರುದಿನವೇ ಐವಿಎಫ್‌ಗೆ ಹಣ ಕಟ್ಟಬೇಡಿ.

ಪಿಸಿಓಡಿ ಎಂಬ ಹೆಸರು ಕೇಳಿದ ಕೂಡಲೇ ಮನೆಯಲ್ಲಿ ಅಳು ಶುರುವಾಗುತ್ತದೆ. ಅದು ಅಷ್ಟು ಅಳುವ ವಿಷಯವಲ್ಲ. ಅಂಡಾಣು ಸರಿಯಾದ ಹೊತ್ತಿಗೆ ಬಿಡುಗಡೆಯಾಗುತ್ತಿಲ್ಲ, ಅಷ್ಟೆ. ತೂಕ ಹೆಚ್ಚಿದ್ದರೆ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಸಿದರೆ ಎಷ್ಟೋ ಜನರಿಗೆ ಮುಟ್ಟು ತಾನೇ ಸರಿಹೋಗುತ್ತದೆ. ಆಗದಿದ್ದರೆ ಲೆಟ್ರೊಜೋಲ್ ಮಾತ್ರೆಯನ್ನು ಮುಟ್ಟಿನ ಶುರುವಿನಲ್ಲಿ ಐದು ದಿನ ಕೊಡುತ್ತಾರೆ. ಮಕ್ಕಳಾಗದ ಕಾರಣಗಳಲ್ಲೆಲ್ಲ ಕಡಿಮೆ ಖರ್ಚಿನಲ್ಲಿ ಪರಿಹಾರ ಸಿಗುವುದು ಇದಕ್ಕೇ.

ಈಗ ಗರ್ಭ ಇಳಿಯುವ ವಿಷಯಕ್ಕೆ ಬರುತ್ತೇನೆ. ನಿಧಾನವಾಗಿ ಓದಿ, ಏಕೆಂದರೆ ಹಿರಿಯರ ಮಾತಿನಿಂದ ಅತಿ ಹೆಚ್ಚು ಗಾಯವಾಗುವುದು ಈ ಹೊತ್ತಿನಲ್ಲಿ.

ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ಇಳಿದುಹೋಗುತ್ತವೆ. ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ. 40 ದಾಟಿದವರಲ್ಲಿ ಮೂರರಲ್ಲಿ ಒಂದು, ಕೆಲವೊಮ್ಮೆ ಇನ್ನೂ ಹೆಚ್ಚು. ಹೀಗೆ ಶುರುವಿನಲ್ಲೇ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷ ಕಾರಣ. ಅದು ಅಂಡಾಣು ಮತ್ತು ವೀರ್ಯಾಣು ಸೇರಿದ ಗಳಿಗೆಯಲ್ಲೇ ಆಗಿಹೋದ ಸಂಗತಿ. ಅವಳು ಕೊಡ ಎತ್ತಿದ್ದರಿಂದ, ಮೆಟ್ಟಿಲು ಹತ್ತಿದ್ದರಿಂದ, ತೋಟದ ಕಲ್ಲುರಸ್ತೆಯಲ್ಲಿ ಜೀಪಿನಲ್ಲಿ ಬಂದದ್ದರಿಂದ, ಹಣ್ಣಾದ ಪಪ್ಪಾಯಿ ಒಂದು ಹೋಳು ತಿಂದದ್ದರಿಂದ ಗರ್ಭ ಇಳಿಯಲಿಲ್ಲ. "ನಾನು ಬೇಡ ಅಂದಿದ್ದೆ, ಮಾತು ಕೇಳಲಿಲ್ಲ" ಎಂದು ಅತ್ತೆ ಹೇಳಿದ ಒಂದು ಮಾತನ್ನು ಹತ್ತು ವರ್ಷ ಎದೆಯಲ್ಲಿ ಇಟ್ಟುಕೊಂಡ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ಆ ಮಾತು ವೈದ್ಯಶಾಸ್ತ್ರದ ಪ್ರಕಾರವೂ ಸುಳ್ಳು.

ಕಾಫಿ ಸೀಮೆಯವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ, ಕಾಫಿ ಕುಡಿಯಬಹುದೇ? ಬಸಿರಲ್ಲಿ ದಿನಕ್ಕೆ 200 ಮಿಲಿಗ್ರಾಂ ಕೆಫೀನಿನೊಳಗೆ ಇರಬೇಕು. ಗಟ್ಟಿ ಡಿಕಾಕ್ಷನ್ನಿನ ಫಿಲ್ಟರ್ ಕಾಫಿಯಾದರೆ ಒಂದೆರಡು ಸಣ್ಣ ಲೋಟ. ರೊಬಸ್ಟಾದಲ್ಲಿ ಅರೇಬಿಕಾಗಿಂತ ಹೆಚ್ಚುಕಡಿಮೆ ಎರಡರಷ್ಟು ಕೆಫೀನ್ ಇರುತ್ತದೆ ಎಂಬುದೂ ನೆನಪಿರಲಿ. ಚಹಾದಲ್ಲಿರುವ ಕೆಫೀನನ್ನೂ ಇದರೊಳಗೇ ಸೇರಿಸಿಕೊಳ್ಳಬೇಕು.

ಮೂರು ತಿಂಗಳು ಹಾಸಿಗೆಯಿಂದ ಏಳಬೇಡ ಎಂಬುದು ನಾವು ಪ್ರೀತಿಯಿಂದ ಹೇಳುವ ಮಾತು. ಮಲಗಿಸಿದ್ದರಿಂದ ಗರ್ಭ ಉಳಿಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಮಲಗಿಯೇ ಇದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಹಿಂದೆ ಗರ್ಭ ಇಳಿದಿದ್ದು, ಈ ಸಲ ಶುರುವಿನಲ್ಲೇ ರಕ್ತ ಕಾಣಿಸಿಕೊಂಡವರಿಗೆ ಪ್ರೊಜೆಸ್ಟಿರಾನ್ ಉಪಯೋಗಕ್ಕೆ ಬರುತ್ತದೆ. ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2019ರಲ್ಲಿ ಅದನ್ನು ತೋರಿಸಿತು. ಬಸಿರಾದವರಿಗೆಲ್ಲ ಪ್ರೊಜೆಸ್ಟಿರಾನ್ ಕೊಡಿಸಬೇಕಾಗಿಲ್ಲ.

ಒಮ್ಮೆ ಗರ್ಭ ಇಳಿದರೆ ಸಾಮಾನ್ಯವಾಗಿ ದೊಡ್ಡ ತಪಾಸಣೆ ಬೇಡ. ಆದರೆ ರಕ್ತದ ಗುಂಪು ನೋಡಲೇಬೇಕು. ಹುಡುಗಿಯದು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕೇ ಎಂದು ವೈದ್ಯರನ್ನು ಅವತ್ತೇ ಕೇಳಿ. ಬೇಕೆಂದರೆ 72 ಗಂಟೆಯೊಳಗೆ ಕೊಡಬೇಕು. ಮನೆಯಲ್ಲೇ ಗರ್ಭ ಇಳಿದು "ಎಲ್ಲ ಹೋಯ್ತು, ಇನ್ನು ಆಸ್ಪತ್ರೆ ಯಾಕೆ" ಎಂದು ಸುಮ್ಮನಾಗುವವರು ಇದನ್ನು ತಪ್ಪಿಸಿಕೊಳ್ಳುತ್ತಾರೆ. ಮುಂದಿನ ಬಸಿರಿಗೆ ಅದು ಕುತ್ತಾಗಬಹುದು. ಮತ್ತೆ ಯಾವಾಗ ಪ್ರಯತ್ನಿಸಬಹುದು ಎಂದರೆ ಒಂದು ಮುಟ್ಟು ಬಂದು ಹೋದ ಮೇಲೆ, ಅವಳ ಮೈ ಮನಸ್ಸು ಒಪ್ಪಿದಾಗ. ಆರು ತಿಂಗಳು, ಒಂದು ವರ್ಷ ಎಂದು ಕಾಯಿಸುವ ಅಗತ್ಯವಿಲ್ಲ. ಗೊಂಚಲುಗರ್ಭ (ಮೋಲಾರ್ ಪ್ರೆಗ್ನೆನ್ಸಿ) ಆಗಿದ್ದವರು ಮಾತ್ರ ವೈದ್ಯರು ರಕ್ತಪರೀಕ್ಷೆ ನೋಡಿ ಹೇಳುವವರೆಗೆ ಕಾಯಲೇಬೇಕು.

ಎರಡು ಸಲ, ಅಥವಾ ಹೆಚ್ಚು ಸಲ ಆಗಿದ್ದರೆ ಕಾರಣ ಹುಡುಕಬೇಕು. ರಕ್ತ ಹೆಪ್ಪುಗಟ್ಟಿಸುವ ಆಂಟಿಫಾಸ್ಫೊಲಿಪಿಡ್ ಪ್ರತಿಕಾಯಗಳ ಪರೀಕ್ಷೆ ಇವುಗಳಲ್ಲಿ ಮುಖ್ಯವಾದದ್ದು. ಅದನ್ನು ಹನ್ನೆರಡು ವಾರಗಳ ಅಂತರದಲ್ಲಿ ಎರಡು ಸಲ ಮಾಡಿ ಖಚಿತಪಡಿಸಿಕೊಳ್ಳಬೇಕು. ಇದ್ದರೆ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಇಂಜೆಕ್ಷನ್ನಿನಿಂದ ಒಳ್ಳೆಯ ಫಲ ಸಿಗುತ್ತದೆ. ಗರ್ಭಕೋಶದೊಳಗೆ ಅಡ್ಡಪರದೆ ಇದೆಯೇ ಎಂದು ತ್ರೀಡಿ ಸ್ಕ್ಯಾನಿಂಗ್, ಥೈರಾಯ್ಡ್, ಸಕ್ಕರೆ, ಗಂಡ ಹೆಂಡತಿ ಇಬ್ಬರ ವರ್ಣತಂತು ಪರೀಕ್ಷೆ, ಸಾಧ್ಯವಾದರೆ ಇಳಿದ ಭ್ರೂಣದ ಪರೀಕ್ಷೆ. ಇಲ್ಲಿಯೂ ಗಂಡನನ್ನು ಬಿಡುವಂತಿಲ್ಲ. ನಮ್ಮಲ್ಲಿ ಗರ್ಭ ಇಳಿದವರಿಗೆಲ್ಲ ಬರೆದುಕೊಡುವ ಟಾರ್ಚ್ ಪರೀಕ್ಷೆಯಿಂದ ಪದೇಪದೇ ಗರ್ಭ ಇಳಿಯುವ ಕಾರಣ ಗೊತ್ತಾಗುವುದಿಲ್ಲ. ಅದರ ರಿಪೋರ್ಟು ಹಿಡಿದು, ಬೆಕ್ಕಿನಿಂದ ಬಂದ ಸೋಂಕು ಎಂದುಕೊಂಡು, ಸಾಕಿದ ಬೆಕ್ಕನ್ನು ಬೈದು ಓಡಿಸಿದ ಮನೆಗಳಿವೆ. ಎಲ್ಲ ಪರೀಕ್ಷೆ ಮಾಡಿಯೂ ಅರ್ಧದಷ್ಟು ಜನರಲ್ಲಿ ಕಾರಣ ಸಿಗುವುದಿಲ್ಲ. ಹೆತ್ತವರು ಆಗ ಕುಸಿಯುತ್ತಾರೆ. ಆದರೆ ಕಾರಣ ಸಿಗದವರಲ್ಲೇ ಮುಂದಿನ ಬಸಿರು ಯಾವ ವಿಶೇಷ ಔಷಧಿಯೂ ಇಲ್ಲದೆ ದಡ ಸೇರುವುದು ಹೆಚ್ಚು. ಮೊದಲ ವಾರಗಳಲ್ಲಿ ಅದೇ ವೈದ್ಯರು, ಅದೇ ದಾದಿ, ಆಗಾಗ ಒಂದು ಸ್ಕ್ಯಾನಿಂಗ್, ಹೆದರಿಕೆಯಾದಾಗ ಫೋನು ಎತ್ತುವ ಒಬ್ಬರು ಇದ್ದರೆ ಆ ದಿನಗಳನ್ನು ಕಳೆಯುವುದು ಅವಳಿಗೆ ಹಗುರಾಗುತ್ತದೆ.

ತೋಟದ ಲೈನ್ ಮನೆಗಳ ಹೆಣ್ಣುಮಕ್ಕಳ ಬಗ್ಗೆ ಇಲ್ಲಿ ಹೇಳದಿದ್ದರೆ ನನ್ನ ಮಾತು ಅರ್ಧವಾದೀತು. ಗರ್ಭ ಇಳಿದ ಮೂರನೇ ದಿನ ಬುಟ್ಟಿ ಕಟ್ಟಿಕೊಂಡು ಕೊಯ್ಲಿಗೆ ಹೋಗುವವರಿದ್ದಾರೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಪ್ಲಾಂಟೇಷನ್‌ಗಳನ್ನೂ ಹೆಸರಿಸಿ, ಗರ್ಭಪಾತವಾದ ದಿನದಿಂದ ಆರು ವಾರ ಸಂಬಳಸಹಿತ ರಜೆ ಕೊಟ್ಟಿತ್ತು, ಆ ಆರು ವಾರ ಕೆಲಸಕ್ಕೆ ಹಚ್ಚುವುದನ್ನೂ ನಿಷೇಧಿಸಿತ್ತು. ಈ ಹಕ್ಕು ಅದರ ಜಾಗಕ್ಕೆ ಬಂದ ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ವೈದ್ಯರ ಪ್ರಮಾಣಪತ್ರ ತೆಗೆದುಕೊಂಡು ತೋಟದ ರೈಟರಿಗೆ ಕೊಡಬೇಕು. ಮೂಡಿಗೆರೆಯ ಎಂಜಿಎಂ ಆಸ್ಪತ್ರೆಯಲ್ಲಿ ಆಗಲಿ, ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಗಲಿ ಗರ್ಭ ಇಳಿದ ಮೇಲೆ ತೋರಿಸಿಕೊಂಡಾಗ ಆ ಕಾಗದ ಕೇಳಿ ಪಡೆಯಿರಿ. ಈ ಅಂಕಣ ಓದುವ ಬೆಳೆಗಾರರಿಗೂ ಇದು ಗೊತ್ತಿರಲಿ.

ಔಷಧಿಯಿಂದ ಆಗದಿದ್ದರೆ ಮುಂದಿನ ಮೆಟ್ಟಿಲು ಐಯುಐ. ಗಂಡನ ವೀರ್ಯವನ್ನು ಶುದ್ಧಗೊಳಿಸಿ ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ಗರ್ಭಕೋಶದೊಳಗೆ ಬಿಡುವುದು. ಒಂದು ಸಲಕ್ಕೆ ನೂರಕ್ಕೆ ಹತ್ತು ಹದಿನೈದರಷ್ಟು ಫಲ. ಗರ್ಭನಾಳ ತೆರೆದಿರಬೇಕು, ವೀರ್ಯಾಣು ತೀರಾ ಕಡಿಮೆ ಇರಬಾರದು. ಮೂರು ನಾಲ್ಕು ಸಲದ ನಂತರವೂ ಆಗದಿದ್ದರೆ ಅದನ್ನೇ ಹತ್ತು ಸಲ ಮಾಡಿಸುವುದರಲ್ಲಿ ಅರ್ಥವಿಲ್ಲ.

ಅದರ ಮೇಲಿನದು ಐವಿಎಫ್, ಅಂದರೆ ನಾವು ಟೆಸ್ಟ್ ಟ್ಯೂಬ್ ಬೇಬಿ ಎನ್ನುವುದು. ಗರ್ಭನಾಳ ಎರಡೂ ಮುಚ್ಚಿದ್ದರೆ, ವೀರ್ಯಾಣು ತೀರ ಕಡಿಮೆ ಇದ್ದರೆ, ವಯಸ್ಸು ಮೀರುತ್ತಿದ್ದರೆ, ಉಳಿದದ್ದು ಫಲಿಸದಿದ್ದರೆ ಇದು. ಹತ್ತು ಹನ್ನೆರಡು ದಿನ ಇಂಜೆಕ್ಷನ್ ಕೊಟ್ಟು ಹಲವು ಅಂಡಾಣುಗಳನ್ನು ಬೆಳೆಸಿ, ಸಣ್ಣ ಅರಿವಳಿಕೆಯಲ್ಲಿ ಸೂಜಿಯಿಂದ ಹೊರತೆಗೆದು, ಲ್ಯಾಬಿನಲ್ಲಿ ವೀರ್ಯಾಣುವಿನೊಂದಿಗೆ ಕೂಡಿಸಿ, ಮೂರನೇ ಅಥವಾ ಐದನೇ ದಿನದ ಭ್ರೂಣವನ್ನು ಗರ್ಭಕೋಶದಲ್ಲಿ ಬಿಡುತ್ತಾರೆ. ವೀರ್ಯದಲ್ಲಿ ಒಂದೂ ವೀರ್ಯಾಣು ಕಾಣದಿದ್ದರೆ ಬೀಜದಿಂದಲೇ ಸೂಜಿಯಲ್ಲಿ ತೆಗೆದು ಒಂದೊಂದನ್ನು ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ವಿಧಾನ 1992ರಿಂದ ಇದೆ.

ಇದರ ಇತಿಹಾಸ ಕೇಳಿದರೆ ಹಿರಿಯರ ಭಯ ಸ್ವಲ್ಪ ಕಡಿಮೆಯಾಗುತ್ತದೆ ಎಂಬುದು ನನ್ನ ಅನುಭವ. ಪ್ರಪಂಚದ ಮೊದಲ ಇಂಥ ಮಗು ಲೂಯಿಸ್ ಬ್ರೌನ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, 1978ರ ಜುಲೈ 25ರಂದು. ಆಕೆಯೂ ಈಗ ತಾಯಿ. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಎರಡನೆಯ ಮಗು ಹುಟ್ಟಿತು. ಅವರನ್ನು ಯಾರೂ ನಂಬಲಿಲ್ಲ, ಸರ್ಕಾರದ ಸಮಿತಿ ತಳ್ಳಿಹಾಕಿತು, 1981ರಲ್ಲಿ ಅವರು ಜೀವ ಕಳೆದುಕೊಂಡರು. 1986ರ ಆಗಸ್ಟ್ 6ರಂದು ಮುಂಬಯಿಯಲ್ಲಿ ಡಾ. ಇಂದಿರಾ ಹಿಂದುಜಾ ಮತ್ತು ವಿಜ್ಞಾನಿ ಟಿ. ಸಿ. ಆನಂದ್ ಕುಮಾರ್ ಅವರ ತಂಡದಿಂದ ಹುಟ್ಟಿದ ಮಗುವನ್ನು ದೇಶದ ಮೊದಲನೆಯದೆಂದು ಎಲ್ಲರೂ ಕರೆದರು. ಮುಂದೆ ಬೆಂಗಳೂರಿಗೆ ಬಂದು ನೆಲೆಸಿದ ಆನಂದ್ ಕುಮಾರ್, ಕೋಲ್ಕತ್ತದ ವೈದ್ಯರ ಕೈಬರಹದ ಟಿಪ್ಪಣಿಗಳನ್ನು ಓದಿ, ಮೊದಲಿಗರು ತಾವಲ್ಲ, ಅವರು ಎಂದು 1997ರಲ್ಲಿ ತಾವೇ ಬರೆದರು. ತನ್ನ ಹೆಸರಿಗೆ ಬಂದ ಹಿರಿಮೆಯನ್ನು ಹೀಗೆ ಬಿಟ್ಟುಕೊಟ್ಟವರು ವಿಜ್ಞಾನದಲ್ಲಿ ಕಡಿಮೆ. ಬೆಂಗಳೂರಿನಲ್ಲಿ ಈ ಚಿಕಿತ್ಸೆಯನ್ನು ಬೆಳೆಸಿದವರಲ್ಲಿ ಡಾ. ಕಾಮಿನಿ ರಾವ್ ಮುಂಚೂಣಿಯವರು, 2014ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಐವಿಎಫ್ ಕೇಂದ್ರವಿದೆ, ಭ್ರೂಣತಜ್ಞರಿಗೆ ಅಲ್ಲಿ ತರಬೇತಿಯೂ ನಡೆಯುತ್ತದೆ. ಕಳಸದವರಿಗೆ ಕುದುರೆಮುಖ, ಕಾರ್ಕಳದ ದಾರಿಯಲ್ಲಿ ಅದು ಬೆಂಗಳೂರಿಗಿಂತ ಎಷ್ಟೋ ಹತ್ತಿರ.

ಫಲದ ಬಗ್ಗೆ ಜಾಹೀರಾತಿನ ಅಂಕಿ ನಂಬಬೇಡಿ. ಬ್ರಿಟನ್ನಿನಲ್ಲಿ ಪ್ರತಿ ಕೇಂದ್ರವೂ ಲೆಕ್ಕ ಒಪ್ಪಿಸಲೇಬೇಕು, ಆದ್ದರಿಂದ ಅಲ್ಲಿಯ ಅಂಕಿ ಹೇಳುತ್ತೇನೆ. ಸ್ವಂತ ಅಂಡಾಣುವಿನಿಂದ ಆದ ಭ್ರೂಣವನ್ನು ಒಮ್ಮೆ ಬಿಟ್ಟರೆ, 35ರೊಳಗಿನವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಮಗುವಾಗುತ್ತದೆ. 40–42ರಲ್ಲಿ ಹತ್ತರಲ್ಲಿ ಒಬ್ಬರ ಆಸುಪಾಸು. 43 ದಾಟಿದರೆ ಇಪ್ಪತ್ತರಲ್ಲಿ ಒಬ್ಬರು. ಅಂದರೆ ಚಿಕ್ಕ ವಯಸ್ಸಿನವರಲ್ಲೂ ಮೊದಲ ಸಲವೇ ಆಗದಿರುವುದೇ ಹೆಚ್ಚು. ಇದನ್ನು ಮೊದಲೇ ತಿಳಿದುಕೊಂಡು ಹೋದ ಮನೆಯವರು ಸೋತಾಗ ಹುಡುಗಿಯನ್ನು ದೂರುವುದಿಲ್ಲ.

2019ರಲ್ಲಿ ಆಂಧ್ರದ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆಗೆ ಅವಳಿ ಮಕ್ಕಳಾದ ಸುದ್ದಿ ನಿಮಗೆ ನೆನಪಿರಬಹುದು. ಆ ಸುದ್ದಿ ಓದಿ "ಇನ್ನೂ ಟೈಮಿದೆ" ಎಂದುಕೊಂಡವರುಂಟು. ಅಂಥಲ್ಲೆಲ್ಲ ಅಂಡಾಣು ಬೇರೊಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳದು. ಈಗಂತೂ ಕಾನೂನೇ ಅವಕಾಶ ಕೊಡುವುದಿಲ್ಲ. 2022ರ ಜನವರಿ 25ರಿಂದ ಜಾರಿಯಲ್ಲಿರುವ ನೆರವಿನ ಸಂತಾನೋತ್ಪತ್ತಿ ಕಾಯ್ದೆಯ ಪ್ರಕಾರ ಈ ಚಿಕಿತ್ಸೆಗೆ ಹೆಣ್ಣಿಗೆ 50, ಗಂಡಿಗೆ 55 ಮೇಲ್ಮಿತಿ. ಓದು, ಕೆಲಸ ಎಂದು ಮದುವೆ ಮುಂದಕ್ಕೆ ಹಾಕುವ ಮಗಳಿದ್ದರೆ ಅಂಡಾಣುವನ್ನು ಶೈತ್ಯೀಕರಿಸಿ ಇಡುವ ದಾರಿ ಇದೆ. 35ರೊಳಗೆ ಮಾಡಿದರೆ ಮಾತ್ರ ಅದು ಹಣಕ್ಕೆ ತಕ್ಕದ್ದು, ಆಗಲೂ ಮಗು ಖಾತ್ರಿ ಎಂದೇನಿಲ್ಲ. ಕ್ಯಾನ್ಸರ್ ಚಿಕಿತ್ಸೆ ಶುರುವಾಗುವ ಹುಡುಗಿಯರ ಹೆತ್ತವರು ಕೀಮೋಗೆ ಮೊದಲೇ ಇದನ್ನು ಕೇಳಬೇಕು.

ದಾನಿಯ ಅಂಡಾಣುವಿನ ವಿಷಯ ಬಂದಾಗ ಮನೆಯಲ್ಲಿ ಗೊಂದಲ ಏಳುತ್ತದೆ, ಅದು ಸಹಜ. ದಾನಿಗೆ 23ರಿಂದ 35 ವಯಸ್ಸಾಗಿರಬೇಕು, ಬದುಕಿನಲ್ಲಿ ಒಂದೇ ಸಲ ಕೊಡಬಹುದು, ಆಕೆ ಯಾರೆಂದು ನಿಮಗೆ ಹೇಳುವುದಿಲ್ಲ. ಹುಟ್ಟಿದ ಮಗು ಕಾನೂನಿನಲ್ಲಿ ಪೂರ್ತಿ ಆ ದಂಪತಿಯದು, ಆಸ್ತಿಯ ಹಕ್ಕೂ ಸೇರಿ. ಬೇಕೋ ಬೇಡವೋ ಎಂಬುದು ಗಂಡ ಹೆಂಡತಿಯ ತೀರ್ಮಾನ, ಸಹಿ ಹಾಕಬೇಕಾದವರೂ ಅವರಿಬ್ಬರೇ. ಯಾರ ರಕ್ತ ಎಂಬ ಪ್ರಶ್ನೆಯನ್ನು ಅಜ್ಜ ಅಜ್ಜಿಯರು ಎತ್ತಬಾರದು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಬಾಡಿಗೆ ತಾಯ್ತನ ಈಗ ಹಣಕ್ಕೆ ನಡೆಯುವಂತಿಲ್ಲ. ವೈದ್ಯಕೀಯ ಖರ್ಚು, ವಿಮೆ ಮುಂತಾದ ನಿಗದಿತ ವೆಚ್ಚಗಳ ಹೊರತು ಏನನ್ನು ಕೊಟ್ಟರೂ ಅಪರಾಧ. ಗಂಡೋ ಹೆಣ್ಣೋ ಆರಿಸಿ ಕೊಡುತ್ತೇವೆ ಎಂದವರಿದ್ದರೆ ಅಲ್ಲಿಂದ ಎದ್ದು ಬನ್ನಿ, 1994ರ ಕಾಯ್ದೆಯಡಿ ಅದೂ ಅಪರಾಧ.

ಕೇಂದ್ರ ಆರಿಸುವಾಗ ನೋಂದಣಿ ಸಂಖ್ಯೆ ಕೇಳಿ. ಐಯುಐ ಮಾತ್ರ ಮಾಡುವ ಕ್ಲಿನಿಕ್ಕು ಒಂದನೇ ಹಂತದ್ದು, ಐವಿಎಫ್ ಮಾಡಲು ಎರಡನೇ ಹಂತದ ನೋಂದಣಿ ಬೇಕು. ಒಂದು ಸುತ್ತಿಗೆ ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷದವರೆಗೆ, ಕೆಲವೆಡೆ ಇನ್ನೂ ಹೆಚ್ಚು ಆಗುತ್ತದೆ. ಇಂಜೆಕ್ಷನ್, ಭ್ರೂಣ ಶೈತ್ಯೀಕರಣ, ಮುಂದೆ ಮತ್ತೆ ಬಿಡುವ ಖರ್ಚು ಇದರೊಳಗೇ ಇದೆಯೇ ಎಂದು ಬರೆಸಿಕೊಳ್ಳಿ. ಬಹುತೇಕ ಆರೋಗ್ಯ ವಿಮೆಗಳು ಇದಕ್ಕೆ ಹಣ ಕೊಡುವುದಿಲ್ಲ. ಮೊದಲ ಸುತ್ತಿಗೇ ತೋಟ ಅಡವಿಡಬೇಡಿ, ಎರಡನೇ ಸುತ್ತಿಗೆ ಶಕ್ತಿ ಉಳಿದಿರಲಿ. ಗರ್ಭಕೋಶದ ಒಳಪದರ ಕೆರೆಯುವುದು, ರೋಗನಿರೋಧಕ ಶಕ್ತಿಗೆಂದು ಹಾಕುವ ಡ್ರಿಪ್ಪು ಮುಂತಾದ ಹೆಚ್ಚುವರಿಗಳಿಗೆ ಗಟ್ಟಿ ಆಧಾರವಿಲ್ಲ. ಒಟ್ಟಿಗೆ ಎರಡು ಮೂರು ಭ್ರೂಣ ಬಿಡಿ, ಅವಳಿ ಆದರೆ ಒಂದೇ ಸಲಕ್ಕೆ ಮುಗಿಯುತ್ತದೆ ಎಂದು ಹಿರಿಯರು ಒತ್ತಾಯಿಸುವುದುಂಟು. ಅವಳಿಗಳು ಅವಧಿಗೆ ಮೊದಲೇ ಹುಟ್ಟುವುದು ಹೆಚ್ಚು, ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆ ನಮ್ಮ ತೋಟಗಳಿಂದ ಗಂಟೆಗಟ್ಟಲೆ ದೂರ. ಸಾಧ್ಯವಿದ್ದಷ್ಟೂ ಒಂದೇ ಭ್ರೂಣ ಸಾಕು.

ನಮ್ಮ ಕಡೆಯವರಿಗೇ ಇರುವ ಇನ್ನೊಂದು ತೊಡಕು ದಾರಿ ಮತ್ತು ಕರೆಂಟು. ಇಂಜೆಕ್ಷನ್ನಿನ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನಿಂಗ್ ಇರುತ್ತದೆ. ಕಳಸದಿಂದಲೋ ಹೊರನಾಡಿನಿಂದಲೋ ಓಡಾಡುವುದು ಆಗದ ಮಾತು. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ನೆಂಟರ ಮನೆಯಲ್ಲಿ ಎರಡು ವಾರ ಇರುವ ಏರ್ಪಾಡು ಮೊದಲೇ ಆಗಬೇಕು. ಮನೆಯಲ್ಲೇ ಇಂಜೆಕ್ಷನ್ ಇಡುವುದಾದರೆ ಅನೇಕವು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಆಷಾಢದ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟು ಇಲ್ಲದಿದ್ದರೆ ಸಾವಿರಾರು ರೂಪಾಯಿಯ ಔಷಧಿ ಹಾಳಾಗುತ್ತದೆ. ವಯಸ್ಸಿನ ಒತ್ತಡವಿಲ್ಲದವರು ಜೋರು ಮಳೆಯ ತಿಂಗಳು ಬಿಟ್ಟು ಶುರು ಮಾಡುವುದು ಒಳ್ಳೆಯದು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ತಿಂಗಳುಗಟ್ಟಲೆ ದಾರಿ ಮುಚ್ಚಿದ್ದು ಮೂಡಿಗೆರೆಯವರು ಮರೆತಿಲ್ಲ.

ಕುಕ್ಕೆಗೆ ಹೋಗಿ ಆಶ್ಲೇಷಾ ಬಲಿ ಮಾಡಿಸುವುದು, ಹೊರನಾಡಿನ ಅಮ್ಮನಿಗೆ ಹರಕೆ ಹೊರುವುದು ನಿಮ್ಮ ನಂಬಿಕೆ. ಮನಸ್ಸಿಗೆ ಅದರಿಂದ ಬಲ ಬಂದರೆ ಮಾಡಿ. ಪರೀಕ್ಷೆಯ ತಾರೀಕು ಮಾತ್ರ ಅದಕ್ಕಾಗಿ ಮುಂದೆ ಹೋಗದಿರಲಿ. ಹೆಸರಿಲ್ಲದ ಪುಡಿ, ಭಸ್ಮ ಮಾತ್ರ ಬೇಡ. ಅವುಗಳಲ್ಲಿ ಸೀಸ, ಪಾದರಸ ಇರಬಹುದು, ಬಸಿರಿಗೆ ಅವು ವಿಷ.

ಚಿಕಿತ್ಸೆ ಸಾಕು ಎಂದು ದಂಪತಿ ಹೇಳಿದರೆ ಒಪ್ಪಿಕೊಳ್ಳಿ. ದತ್ತು ಬೇಕೆನಿಸಿದರೆ ನರ್ಸಿಂಗ್ ಹೋಮಿನಿಂದ ಗುಟ್ಟಾಗಿ ಮಗು ತರಿಸುವ ಮಾತಿಗೆ ಕಿವಿಗೊಡಬೇಡಿ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ಜಾಲತಾಣದಲ್ಲಿ ನೋಂದಣಿ, ಚಿಕ್ಕಮಗಳೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಮಾಹಿತಿ, ಕೊನೆಯ ಆದೇಶ ಜಿಲ್ಲಾಧಿಕಾರಿಯದು. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ಮೀರಿರಬಾರದು. ಕಾಯುವ ಸರದಿ ವರ್ಷಗಟ್ಟಲೆ ಇರುವುದರಿಂದ ಈ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಬೇಕು.

ಬಸಿರು ನಿಂತಿತು ಎಂದು ಗೊತ್ತಾದ ಮೇಲೆ, ಅದು ತಾನಾಗಿ ಆದದ್ದಿರಲಿ, ಐವಿಎಫ್‌ನಿಂದ ಆದದ್ದಿರಲಿ, ಆರೇಳು ವಾರಕ್ಕೆ ಒಂದು ಸ್ಕ್ಯಾನಿಂಗ್ ಮಾಡಿಸಿ ಭ್ರೂಣ ಗರ್ಭಕೋಶದೊಳಗೇ ಇದೆಯೇ ಎಂದು ನೋಡಬೇಕು. ಗರ್ಭನಾಳದಲ್ಲಿ ನಿಂತ ಬಸಿರು ಒಡೆದರೆ ಒಳಗೇ ರಕ್ತ ಸೋರುತ್ತದೆ. ತಿಂಗಳು ನಿಂತವಳಿಗೆ ಕಿಬ್ಬೊಟ್ಟೆಯ ಒಂದು ಬದಿ ಜೋರು ನೋವು, ತಲೆಸುತ್ತು, ಹೆಗಲ ತುದಿಯಲ್ಲಿ ನೋವು ಬಂದರೆ, ಐವಿಎಫ್ ಇಂಜೆಕ್ಷನ್ ತೆಗೆದುಕೊಂಡವಳಿಗೆ ಹೊಟ್ಟೆ ಉಬ್ಬಿ ಉಸಿರು ಕಟ್ಟಿ ಮೂತ್ರ ಕಡಿಮೆಯಾದರೆ, ಕಷಾಯ ಕುಡಿಸಿ ಮಲಗಿಸಬೇಡಿ. ಅವಳ ರಕ್ತದ ಗುಂಪು, ಕೊನೆಯ ಮುಟ್ಟಿನ ತಾರೀಕು, ನಡೆಯುತ್ತಿರುವ ಔಷಧಿ ಬರೆದ ಕಾಗದವನ್ನು ಕೈಲಿ ಹಿಡಿದು 108ಕ್ಕೆ ಫೋನು ಮಾಡಿ. ಆಂಬುಲೆನ್ಸ್ ತೋಟದವರೆಗೆ ಬರಲಾಗದಿದ್ದರೆ ಜೀಪಿನಲ್ಲಿ ಡಾಂಬರು ರಸ್ತೆಯವರೆಗೆ ಕರೆತನ್ನಿ. ಮಧ್ಯರಾತ್ರಿಯಾದರೂ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ.